ಬಿಸಿ ಮಾಡಿದರೆ ಬಿಎಸ್‌ಟಿ ಪಾಲಿಮರೇಸ್ ಕೆಡುವುದಿಲ್ಲವೇ?

ಪ್ರಶ್ನೆ: ಒಂದೇ ಶಾಖದಲ್ಲಿ ಡಿಎನ್‌ಎಯನ್ನು ಹಿಗ್ಗಿಸಿ (ಅಂದರೆ ನಕಲುಗಳನ್ನು ಹೆಚ್ಚಿಸಿ) ಪತ್ತೆಹಚ್ಚುವ ಲ್ಯಾಂಪ್ ಪರೀಕ್ಷೆಗೆ ಬೇಕಾದ, ಡಿಎನ್‌ಎ ಎಳೆಗಳನ್ನು ಹೆಣೆಯುವ ಕಿಣ್ವವಾದ ಬಿಎಸ್‌ಟಿ ಪಾಲಿಮರೇಸನ್ನು ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸುವಾಗ, ಕೋಶಗಳನ್ನು ಒಡೆದು ಪಡೆದ ದ್ರವವನ್ನು 65 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡುತ್ತಾರೆಂದು ಓದಿದ್ದೇನೆ. ಆಗ ಕಿಣ್ವವೇ ಕೆಡುವುದಿಲ್ಲವೇ?

ಉತ್ತರ: ಕೆಡುವುದಿಲ್ಲ. ಈ ಕಿಣ್ವದ ಜೀನ್ ಬಂದಿರುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೊಫಿಲಸ್ ಎಂಬ, 55 ಡಿಗ್ರಿಯ ಆಸುಪಾಸಿನಲ್ಲಿ ಹುಲುಸಾಗಿ ಬೆಳೆಯುವ ಬ್ಯಾಕ್ಟೀರಿಯಾದಿಂದ; ಅದನ್ನು ತಯಾರಿಸಿಕೊಡುವ ಇ. ಕೊಲೈಗೆ ಒಗ್ಗುವುದು 37 ಡಿಗ್ರಿ. ಹೀಗಾಗಿ ಆತಿಥೇಯ ಕೋಶದ ಬಹುಪಾಲು ಪ್ರೊಟೀನುಗಳನ್ನು ಹಾಳುಮಾಡುವ ಶಾಖವು ಈ ಕಿಣ್ವಕ್ಕೆ ಅದು ಕೆಲಸ ಮಾಡುವ ಶಾಖವೇ ಆಗಿದೆ. 2000ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಲ್ಯಾಂಪ್ ವಿಧಾನ ನಡೆಯುವುದೂ 60ರಿಂದ 65 ಡಿಗ್ರಿಯಲ್ಲೇ. ಡಿಎನ್‌ಎಯ ನಕಲುಗಳನ್ನು ಮಾಡುವ ಇನ್ನೊಂದು ವಿಧಾನವಾದ ಪಿಸಿಆರ್‌ನಲ್ಲಿ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಲು ಪ್ರತಿ ಸುತ್ತಿನಲ್ಲೂ 95 ಡಿಗ್ರಿಯವರೆಗೆ ಕಾಯಿಸಬೇಕು. ಬಿಎಸ್‌ಟಿ ಮಾತ್ರ ಎದುರಿಗೆ ಸಿಕ್ಕ ಎಳೆಯನ್ನು ಪಕ್ಕಕ್ಕೆ ತಳ್ಳುತ್ತಲೇ ಹೊಸ ಎಳೆಯನ್ನು ಹೆಣೆಯುತ್ತದೆ. ಎದುರಿನ ಎಳೆಯನ್ನು ಕತ್ತರಿಸುವ ಭಾಗವನ್ನು ಜೀನ್‌ನಿಂದಲೇ ತೆಗೆದು, ಸುಮಾರು 67 ಕಿಲೋಡಾಲ್ಟನ್ ತೂಕದ ‘ದೊಡ್ಡ ತುಣುಕ’ನ್ನಷ್ಟೇ ತಯಾರಿಸುವುದು ಈ ಕಾರಣಕ್ಕೆ.

ಜೀನನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಕೂರಿಸಿ, ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದ ಮೇಲೆ ಐಪಿಟಿಜಿ ಎಂಬ ರಾಸಾಯನಿಕ ಬೆರೆಸಿ ಉತ್ಪಾದನೆಗೆ ಚಾಲನೆ ಕೊಡುವುದು ಈಗ ವಾಡಿಕೆಯ ಕೆಲಸ. ನೋಡಬೇಕಾದದ್ದು ಬಿಸಿ ಮಾಡುವ ಹಂತ. ನಸುಹಳದಿ ಬಣ್ಣದ ತಿಳಿ ದ್ರವವನ್ನು 65 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಇಟ್ಟರೆ ಅದು ಕದಡಿ ಬೆಳ್ಳಗಾಗುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಇ. ಕೊಲೈ ಪ್ರೊಟೀನುಗಳು ಗಟ್ಟಿಯಾಗಿ ತಳ ಹಿಡಿಯುತ್ತವೆ, ಕಿಣ್ವ ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ಆದರೆ ಮಿತಿ ಮೀರಬಾರದು: 80 ಡಿಗ್ರಿಯಲ್ಲಿ 20 ನಿಮಿಷ ಇಟ್ಟರೆ ಬಿಎಸ್‌ಟಿಯೂ ನಿಷ್ಕ್ರಿಯವಾಗುತ್ತದೆ. 30 ಡಿಗ್ರಿಯಲ್ಲಿ ಕೆಲಸ ಮಾಡುವ, ಇದೇ ಬಗೆಯ ಇನ್ನೊಂದು ಕಿಣ್ವವಾದ ಫೈ29 ಪಾಲಿಮರೇಸ್‌ಗಂತೂ ಈ ಉಪಾಯ ನಡೆಯುವುದೇ ಇಲ್ಲ.

ನನ್ನ ದೃಷ್ಟಿಯಲ್ಲಿ ಪ್ರೊಟೀನುಗಳಿಗಿಂತ ಹೆಚ್ಚು ಕಾಡುವುದು ಇ. ಕೊಲೈಯ ಡಿಎನ್‌ಎ. 65 ಡಿಗ್ರಿಗೆ ಅದು ಅಳಿಯುವುದಿಲ್ಲ. ಲ್ಯಾಂಪ್ ಅತ್ಯಲ್ಪ ಡಿಎನ್‌ಎಯನ್ನೂ ಹಿಗ್ಗಿಸಿ ತೋರಿಸುವುದರಿಂದ, ಬ್ಯಾಕ್ಟೀರಿಯಾಗಳನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ಕಿಣ್ವದೊಂದಿಗೆ ಬಂದ ಈ ಶೇಷವೇ ಸುಳ್ಳು ಫಲಿತಾಂಶ ಕೊಡಬಲ್ಲದು. ಆದ್ದರಿಂದ ಉಪ್ಪಿನಂಶ ಹೆಚ್ಚಿರುವ ದ್ರಾವಣದಲ್ಲಿ ಡಿಎನ್‌ಎಗೆ ಅಂಟಿಕೊಳ್ಳುವ ಪಾಲಿಎಥಿಲೀನಿಮೈನ್ ಎಂಬ ರಾಸಾಯನಿಕ ಬೆರೆಸಿ ಡಿಎನ್‌ಎಯನ್ನು ತಳಕ್ಕಿಳಿಸಿ, ಬಳಿಕ ಕಿಣ್ವವನ್ನು ಹಿಡಿದಿಟ್ಟು ಬೇರ್ಪಡಿಸುವ ನಿಕ್ಕಲ್ ಅಥವಾ ಹೆಪಾರಿನ್ ಕಾಲಂನಲ್ಲಿ (ಶೋಧಕ ಕೊಳವೆಯಲ್ಲಿ) ದ್ರವವನ್ನು ಹಾಯಿಸುವುದು ಒಳ್ಳೆಯದು. ನಿಕ್ಕಲ್ ಕಾಲಂ ಬಳಸುವುದಾದರೆ ನಿಕ್ಕಲ್‌ಗೆ ಅಂಟುವ ಹಿಸ್ಟಿಡಿನ್ ಬಾಲದ ಸಂಕೇತವನ್ನು ಜೀನ್‌ಗೆ ಮೊದಲೇ ಸೇರಿಸಿರಬೇಕು.

ಶುದ್ಧವಾದ ಕಿಣ್ವವನ್ನು ಶೇಕಡ 50 ಗ್ಲಿಸರಾಲ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಗ್ಲಿಸರಾಲ್ ಇರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ. ಬಳಕೆಗೆ ಮುನ್ನ ಇ. ಕೊಲೈಯ ಯಾವುದಾದರೂ ಜೀನ್‌ಗೆ ಹೊಂದುವ ಪ್ರೈಮರುಗಳನ್ನು (ನಕಲು ಶುರುಮಾಡಲು ಬೇಕಾದ ಡಿಎನ್‌ಎಯ ಸಣ್ಣ ತುಣುಕುಗಳನ್ನು) ಹಾಕಿ, ಮಾದರಿಯ ಬದಲು ಶುದ್ಧ ನೀರನ್ನಷ್ಟೇ ಸೇರಿಸಿ ಒಮ್ಮೆ ಲ್ಯಾಂಪ್ ನಡೆಸಬೇಕು. ಅಲ್ಲಿ ಸಂಕೇತ ಕಾಣಿಸಿಕೊಂಡರೆ, ಡಿಎನ್‌ಎ ಇನ್ನೂ ಉಳಿದಿದೆಯೋ ಅಥವಾ ಪ್ರೈಮರುಗಳೇ ಪರಸ್ಪರ ಬೆಸೆದುಕೊಂಡು ಹಿಗ್ಗಿವೆಯೋ ಎಂಬುದನ್ನು, ಹಿಗ್ಗಿದ ಡಿಎನ್‌ಎಯ ಅನುಕ್ರಮವನ್ನು ಓದಿ ತೀರ್ಮಾನಿಸಬಹುದು.