ಒತ್ತಕ್ಷರ ಇಲ್ಲದ ಕಥೆ ಪುಸ್ತಕ ಯಾವುದು?

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ರಾತ್ರಿ ಜೊತೆಯಲ್ಲಿ ಕೂತು ಓದೋಕೆ ಒತ್ತಕ್ಷರ ಇಲ್ಲದ ಕನ್ನಡ ಪುಸ್ತಕ ಹೇಳ್ತೀರಾ ಮೇಡಂ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ದಯವಿಟ್ಟು ಪಕ್ಕದ ಮನೆಯವರಿಗೂ ಹೇಳಿ. ಜೊತೆಯಲ್ಲಿ ಓದುವಾಗ ಓದುವವರು ನೀವು. ಮಗು ಕೇಳುತ್ತೆ, ಚಿತ್ರ ನೋಡುತ್ತೆ. ಒತ್ತಕ್ಷರದಿಂದ ಅದಕ್ಕೇನು ಕಷ್ಟ?

'ಒಂದೂರಲ್ಲಿ ಒಬ್ಬ ರಾಜ ಇದ್ದ.' ಇದರಲ್ಲಿ ಒತ್ತಕ್ಷರದ ಪದಗಳನ್ನು ತೆಗೆಯಿರಿ. ಉಳಿಯೋದು 'ರಾಜ' ಒಂದೇ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಎಲ್ಲರೂ ಕಥೆಯಿಂದ ಆಚೆ. ನಾಯಿ ಬರಬಹುದು, ಬೆಕ್ಕು ಬರೋ ಹಾಗಿಲ್ಲ. ಬಿದ್ದ, ಎದ್ದ, ನಕ್ಕ, ಅತ್ತ ಯಾವುದೂ ಇಲ್ಲ. ಎರಡು ವರ್ಷದ ಮಗು ದಿನವಿಡೀ ಹೇಳುವ 'ಇಲ್ಲ', 'ಎಲ್ಲಿ' ಕೂಡ ಇಲ್ಲ! ಬಾಯಲ್ಲಿ ಸಲೀಸಾಗಿ ಬರುವ ಮಾತು ಕಿವಿಗೆ ಕಷ್ಟ ಆಗುತ್ತಾ? ಒತ್ತು ಕಷ್ಟವಾಗೋದು ಬರೆಯುವಾಗ, ತಾನೇ ಓದುವಾಗ. ಕಾಗುಣಿತ ಮುಗಿದು ಒತ್ತಕ್ಷರ ಹಿಡಿತಕ್ಕೆ ಬರೋ ಹೊತ್ತಿಗೆ ಮಗು ಎರಡನೇ ಕ್ಲಾಸು. ಅಲ್ಲಿವರೆಗೂ 'ಬಸವ, ಕಮಲ, ಗರಗಸ'ದಲ್ಲೇ ಕೂರಿಸಿದರೆ ಕಥೆ ಕೇಳುವ ಒಳ್ಳೆ ವರ್ಷಗಳೇ ಹೋಗಿಬಿಡುತ್ತವೆ.

ಮೊನ್ನೆ ನನ್ನ ತಂಗಿಯ ಮಗಳು ತೊಡೆ ಮೇಲೆ ಕೂತಿದ್ದಳು. 'ಅಜ್ಜಿ' ಅನ್ನೋ ಪದದ ಮೇಲೆ ಬೆರಳಿಟ್ಟು, "ದೊಡ್ಡಮ್ಮ, ಇದರ ಕೆಳಗೆ ಇದರ ಪಾಪು ಇದೆ" ಅಂದಳು. ಅವಳಿಗೆ 'ಅ' ಬರೆಯೋಕೂ ಇನ್ನೂ ಬರಲ್ಲ. ಒತ್ತಕ್ಷರದ ಮೊದಲ ಪಾಠ ಆಗಿಹೋಯಿತು, ಅಲ್ವಾ?

ಪ್ರಥಮ್ ಬುಕ್ಸ್ ಪುಸ್ತಕಗಳ ಮೇಲೆ 1ರಿಂದ 4ರವರೆಗೆ ಹಂತ ಹಾಕಿರುತ್ತಾರೆ. ಅದು ಮಗು ತಾನೇ ಎಷ್ಟು ಓದಬಲ್ಲದು ಅನ್ನೋ ಲೆಕ್ಕ. ನೀವು ಓದಿ ಹೇಳುವಾಗ ಒಂದು ಹಂತ ಮೇಲಿನದನ್ನೇ ತಗೊಳ್ಳಿ. ಅವರ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತಿವೆ. ಅಂಗಡಿಯಲ್ಲಾದರೆ ಒಂದು ಪುಟ ಬಾಯಿಬಿಟ್ಟು ಓದಿ ನೋಡಿ. ನಿಮಗೇ ನಾಲಿಗೆ ತೊಡರಿದರೆ ವಾಪಸ್ ಇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮದು ಧಾರವಾಡದ ಕಡೆ ಮನೆಮಾತಾದರೆ, 'ಬಂದಿದ್ದಾನೆ' ಅಂತ ಅಚ್ಚಾಗಿರೋದನ್ನು 'ಬಂದಾನ' ಅಂತ ಓದಬಹುದಾ? ಧಾರಾಳವಾಗಿ ಓದಿ. ಮೊದಲ ಸಲ ಹಾಗೇ ಓದಿ. ಮಗು "ಇನ್ನೊಮ್ಮೆ" ಅಂದೇ ಅನ್ನುತ್ತೆ. ಆಗ ಅಚ್ಚಾದ ಹಾಗೆ ಓದಿ. ಕಥೆ ಆಗಲೇ ಗೊತ್ತಿರುತ್ತಲ್ಲ, 'ಬಂದಿದ್ದಾನೆ' ಅಂದರೇನು ಅಂತ ಕೇಳೋದೇ ಇಲ್ಲ.