ಬಾಗಿದ ಬೆನ್ನಿನ ಹೊಣೆ ಯಾರದು?

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಕೆಲವು ಹಳ್ಳಿಗಳಲ್ಲಿ ನಡುವಯಸ್ಸಿಗೇ ಬೆನ್ನು ಬಾಗಿದವರು, ಕುತ್ತಿಗೆ ಹೊರಳದೆ ಇಡೀ ಮೈಯನ್ನೇ ತಿರುಗಿಸಿ ಮಾತನಾಡಿಸುವವರು ಇದ್ದಾರೆ. ಹೋದ ಜನ್ಮದ ಕರ್ಮ ಎಂದು ಕಟ್ಟೆಯ ಮೇಲೆ ಕುಳಿತವರು ತೀರ್ಪು ಕೊಟ್ಟುಬಿಡುತ್ತಾರೆ. ಹಾಗಾದರೆ ಒಂದೇ ಕೊಳವೆಬಾವಿಯ ನೀರು ಕುಡಿದ ಕೇರಿಯವರೆಲ್ಲ ಹೋದ ಜನ್ಮದಲ್ಲಿ ಕೂಡಿಕೊಂಡೇ ಪಾಪ ಮಾಡಿದ್ದರೇ?

ಪಾಪ ಬಂಡೆಯದು, ರೋಗದ ಹೆಸರು ಫ್ಲೋರೋಸಿಸ್. ಈ ಭಾಗದ ಗ್ರಾನೈಟ್‌ನಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಫ್ಲೋರೈಡ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ತಳ ಸೇರುತ್ತಿತ್ತು. ಕಡಿಮೆಯಿರುವಲ್ಲಿ ನೀರಿನಲ್ಲೇ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ಎನ್ನುತ್ತದೆ ಭಾರತೀಯ ಮಾನಕ. ಮೂಳೆಯ ಹರಳಿನಲ್ಲಿ ಹೈಡ್ರಾಕ್ಸಿಲ್ ಎಂಬ ಅಯಾನಿಗೆ, ಅಂದರೆ ವಿದ್ಯುದಂಶವುಳ್ಳ ಕಣಕ್ಕೆ, ಒಂದು ಜಾಗವಿದೆ. ಫ್ಲೋರೈಡ್‌ನ ಗಾತ್ರ ಹೆಚ್ಚುಕಡಿಮೆ ಅಷ್ಟೇ, ವಿದ್ಯುದಂಶವೂ ಅದೇ. ಬಸ್ಸಿನ ಸೀಟಿನ ಮೇಲೆ ಹಾಸಿದ ಟವೆಲ್ಲನ್ನು ಸರಿಸಿ ಕುಳಿತವನಂತೆ ಅದು ಅಲ್ಲಿ ಕೂತುಬಿಡುತ್ತದೆ, ಸುಲಭಕ್ಕೆ ಏಳುವುದಿಲ್ಲ. ಮೂಳೆ ದಪ್ಪಗಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಕೀಲು ಹಿಡಿದಿಡುವ ಕಟ್ಟುಗಳು ಸುಣ್ಣಗಟ್ಟುತ್ತವೆ, ಬೆನ್ನೆಲುಬಿನ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಬೆನ್ನುಹುರಿ ಒತ್ತಿದರೆ ಕಾಲು ಸೋಲುತ್ತದೆ. 1937ರಲ್ಲಿ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ರೋಗಿಗಳಲ್ಲಿ ಇದನ್ನು ವಿವರಿಸಲಾಯಿತು. ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು.

ಕರ್ಮದ ಮಾತು ಇಲ್ಲಿಗೆ ಮುಗಿಯಿತು. ವೈದ್ಯರ ನೋಟ ಅದಕ್ಕಿಂತ ಎಷ್ಟೋ ಮೇಲು, ಆದರೆ ಅದು ಎಕ್ಸ್‌ರೇ ಹಾಳೆಯ ಅಂಚಿಗೆ ನಿಲ್ಲುತ್ತದೆ. ಬೆಸೆದ ಬೆನ್ನೆಲುಬನ್ನು ಮೊದಲಿನಂತೆ ಮಾಡುವ ಔಷಧಿಯೂ ಅವರ ಬಳಿ ಇಲ್ಲ. 1976ರಲ್ಲಿ ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು ಅಂಗವೈಕಲ್ಯ ದೇಹದ ದೋಷ ಎಂಬ ವಾದವನ್ನೇ ತಿರುಗಿಸಿತು: ಊನ ದೇಹದ್ದಿರಬಹುದು, ನಮ್ಮನ್ನು ಅಂಗವಿಕಲರನ್ನಾಗಿ ಮಾಡುವುದು ಸಮಾಜ. ಇದಕ್ಕೆ 1983ರಲ್ಲಿ 'ಸಾಮಾಜಿಕ ಮಾದರಿ' ಎಂದು ಹೆಸರಿಟ್ಟ ಮೈಕ್ ಆಲಿವರ್ ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಸಮಾಜಶಾಸ್ತ್ರಜ್ಞ. ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲುಗಳ ಬುಡದಲ್ಲಿ ನಿಂತವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಕರಾರು ಬೇರೆ. ರ‍್ಯಾಂಪ್ ಕಟ್ಟಿದರೆ ಮೂಳೆಯ ನೋವು ಹೋಗುವುದಿಲ್ಲ, ಇದನ್ನು ಅನೇಕರು ಹೇಳಿದ್ದಾರೆ. ಆದರೆ ಈ ಮಾದರಿ ಊನವನ್ನು ದೇಹದ ಪಾಲಿಗೆ ಬಿಟ್ಟು, ಅಡೆತಡೆಗಳನ್ನಷ್ಟೇ ಸಮಾಜದ ಲೆಕ್ಕಕ್ಕೆ ಬರೆಯುತ್ತದೆ. ಫ್ಲೋರೋಸಿಸ್‌ನಲ್ಲಿ ಊನವೇ ಸಮಾಜದ ಲೆಕ್ಕಕ್ಕೆ ಬರಬೇಕು. ಕೆರೆಯ ಹೂಳೆತ್ತದೆ ಆಳಕ್ಕೆ ಕೊರೆಸಿದ್ದು, ಶುದ್ಧ ನೀರಿನ ಘಟಕ ಕೆಟ್ಟು ನಿಂತರೂ ಸುಮ್ಮನಿದ್ದದ್ದು ಬಂಡೆಯಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾನೂನು ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು, ವ್ಯಾಖ್ಯೆಯಲ್ಲಿ ಅಡೆತಡೆಗಳನ್ನೂ ಸೇರಿಸಿತು. ಆದರೂ ಮೀಸಲಾತಿಗೆ ಬೇಕಾದದ್ದು ಕನಿಷ್ಠ ಶೇ 40ರಷ್ಟು ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ, ಅದಕ್ಕಾಗಿ ಅಳೆಯುವುದು ದೇಹವನ್ನೇ. ಅಳೆಯುವಾಗ ಆ ವ್ಯಕ್ತಿ ಇಷ್ಟು ವರ್ಷ ಯಾವ ಬಾವಿಯ ನೀರು ಕುಡಿದರು ಎಂದೂ ಬರೆದುಕೊಂಡರೆ, ಅದೇ ನೀರು ಕುಡಿಯುತ್ತಿರುವ ಶಾಲೆಯ ಮಕ್ಕಳ ಹಲ್ಲನ್ನಾದರೂ, ಫ್ಲೋರೈಡ್‌ನ ಕಲೆ ಮೊದಲು ಕಾಣುವುದು ಅಲ್ಲೇ, ಸಕಾಲಕ್ಕೆ ಪರೀಕ್ಷಿಸಬಹುದು.