ಪುಷ್ಪಗಿರಿಯ ಮರಳು, ಉಳ್ಳಾಲದ ಕಲ್ಲುಗೋಡೆ

ಕೊಡಗಿಗೆ ಕಡಲಿಲ್ಲ. ಆದರೂ ಮಂಗಳೂರಿನ ಪಕ್ಕದ ಉಳ್ಳಾಲದ ದಡದಲ್ಲಿ ನಮ್ಮ ಮಣ್ಣಿನ ಪಾಲಿದೆ. ಸೋಮವಾರಪೇಟೆ ಕಡೆಯ ಪುಷ್ಪಗಿರಿಯಲ್ಲಿ ಹುಟ್ಟುವ ಕುಮಾರಧಾರಾ, ಸುಬ್ರಹ್ಮಣ್ಯ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುತ್ತದಲ್ಲ, ಆಗ ತಳದಲ್ಲಿ ಉರುಳಿಕೊಂಡು ಹೋಗುವ ಮರಳು ಕೊನೆಗೆ ಮಂಗಳೂರಿನ ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವಲ್ಲಿಗೆ, ಹೋಗಿ ಬೀಳುತ್ತದೆ. ಅದನ್ನು ದಡದುದ್ದಕ್ಕೂ ಹಂಚುವುದು ಅಲೆಗಳ ಕೆಲಸ.

ನಮ್ಮ ಕಡೆಯವರು ಸಂಪಾಜೆ ಇಳಿದು ಕಡಲು ನೋಡಲು ಹೋಗುತ್ತೇವೆ. ಸೋಮೇಶ್ವರ, ಉಚ್ಚಿಲದ ಕಡೆ ಹಲವೆಡೆ ಕಾಲಿಡಲು ಮರಳೇ ಇಲ್ಲ. ಉದ್ದಕ್ಕೂ ಕೊರೆತ ತಡೆಯಲು ಗೋಡೆಯಂತೆ ಹಾಕಿದ ದೊಡ್ಡ ದೊಡ್ಡ ಕಲ್ಲುಗಳು. ಅವುಗಳ ಹಿಂದೆ ಬೇರು ಹೊರಬಿದ್ದು ವಾಲಿ ನಿಂತ ತೆಂಗು.

ಮರಳಿನ ದಡ ಇಳಿಜಾರಾಗಿರುತ್ತದೆ. ಅಲೆ ಅದರ ಮೇಲೆ ಹತ್ತುತ್ತಾ ಹತ್ತುತ್ತಾ ಸುಸ್ತಾಗುತ್ತದೆ. ಮಳೆಗಾಲದ ಅಬ್ಬರಕ್ಕೆ ಮರಳು ಕಡಲೊಳಗೆ ಸರಿದು ದಿಬ್ಬವಾಗುತ್ತದೆ, ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ಮೆಲ್ಲಗೆ ವಾಪಸ್ ತರುತ್ತವೆ. ಗೋಡೆ ಕಟ್ಟಿದರೆ ಅಲೆಗೆ ಹತ್ತಲು ಜಾಗವಿಲ್ಲ. ಹೊಡೆದ ರಭಸದಲ್ಲೇ ಹಿಂದಿರುಗಿ ಗೋಡೆಯ ಬುಡದ ಮರಳನ್ನು ಎಳೆದುಕೊಳ್ಳುತ್ತದೆ. ಬುಡ ಪೊಳ್ಳಾದಾಗ ಕಲ್ಲು ಕುಸಿಯುತ್ತದೆ, ಮತ್ತೆ ಕಲ್ಲು ಸುರಿಯಬೇಕು. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ಕೊರೆತ ಇನ್ನೂ ಜಾಸ್ತಿ. ಹೊಳೆಬದಿಯಲ್ಲಿ ತೋಟ ಇರುವವರಿಗೆ ಇದು ಹೊಸದಲ್ಲ. ಒಬ್ಬರು ಕಲ್ಲು ಕಟ್ಟಿದ ಮೇಲೆ, ಅದರ ತುದಿಯಲ್ಲಿ ನೀರು ಸುತ್ತಿ ಕೆಳಗಿನವರ ಬರೆ ಜರಿಯುವುದನ್ನು ನಾವು ನೋಡಿಲ್ವಾ?

ಉಳ್ಳಾಲದ ಕಷ್ಟ ಗೋಡೆಯಿಂದಲೇ ಶುರುವಾದದ್ದಲ್ಲ. ಮೀನುಗಾರಿಕೆ ದೋಣಿಗಳು ಸುರಕ್ಷಿತವಾಗಿ ಓಡಾಡಲಿ ಎಂದು 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಡಲೊಳಕ್ಕೆ ಕಲ್ಲಿನ ಬ್ರೇಕ್‌ವಾಟರ್ (ಅಲೆ ತಡೆಯುವ ಕಟ್ಟೆ) ಬಂತು. ಅದು ಬೇಕಾಗಿಯೂ ಇತ್ತು, ಅಳಿವೆಯಲ್ಲಿ ದೋಣಿ ಮಗುಚಿದರೆ ಜೀವವೇ ಹೋಗುತ್ತದೆ. ಆದರೆ ದಡದುದ್ದಕ್ಕೂ ಸಾಗುತ್ತಿದ್ದ ಮರಳಿಗೆ ಅದು ಅಡ್ಡವಾಯಿತು. ಅಳಿವೆಯ ಉತ್ತರಕ್ಕಿರುವ ಬೆಂಗ್ರೆ ಬದಿಯಲ್ಲಿ ಮರಳು ತುಂಬಿತು, ಉಳ್ಳಾಲದ ಬದಿ ಸವೆಯಿತು. ಇತ್ತ ಹೊಳೆಯಿಂದ ಬರುವ ಮರಳಿಗೂ ತಡೆ ಬಿತ್ತು. ಮಂಗಳೂರಿಗೆ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟು ಇದೆ, ದಾರಿಯುದ್ದಕ್ಕೂ ಮರಳುಗಾರಿಕೆ ಇದೆ.

ಕಡಲ ಬದಿಯಲ್ಲಿ ಮನೆ, ರಸ್ತೆ, ರೆಸಾರ್ಟ್ ಹೆಚ್ಚಾದಂತೆ ದಡಕ್ಕೆ ಹಿಂದೆ ಸರಿಯಲೂ ಜಾಗ ಉಳಿಯಲಿಲ್ಲ. 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ನಿಯಮ ಆ ಜಾಗ ಉಳಿಸಲೆಂದೇ ಇತ್ತು. 2019ರಲ್ಲಿ ಜನ ಹೆಚ್ಚಿರುವ ಹಳ್ಳಿಗಳ ಕಡೆ ಕಟ್ಟಡ ಕಟ್ಟಬಾರದ ಜಾಗದ ಅಗಲವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿದರು. ನನ್ನ ಮಟ್ಟಿಗೆ ಅದು ತಪ್ಪು ಹೆಜ್ಜೆ.

2010ರ ನಂತರ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದಲ್ಲಿ ಬೇರೆ ದಾರಿ ಹಿಡಿದರು. ಅಲೆಯ ಬಲ ದಡ ಮುಟ್ಟುವ ಮೊದಲೇ ಮುರಿಯಲಿ ಎಂದು ಕಡಲೊಳಗೆ ರೀಫ್ (ನೀರಿನಡಿಯ ದಿಬ್ಬ) ಕಟ್ಟಿದರು. ಆಮೇಲೆ ಕಡಲ್ಕೊರೆತದ ಸುದ್ದಿ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಯಿಂದ ಬರತೊಡಗಿತು. ಅಲ್ಲಿ ಕಡಲ ಬದಿಯ ರಸ್ತೆಯೇ ಕೊಚ್ಚಿ ಹೋಗಿದೆ.

ಮನೆ ಬೀಳುವ ಹೊತ್ತಿನಲ್ಲಿ ಕಲ್ಲು ಹಾಕಬೇಡಿ ಎಂದು ಯಾರಿಗೂ ಹೇಳಲಾಗದು. ಆದರೆ ಅಳಿವೆಯಲ್ಲಿ ಹೂಳೆತ್ತಿದ ಮರಳನ್ನು ಸವೆದ ದಡಕ್ಕೆ ಹಾಕಬಹುದು. ಇಲ್ಲಿ ಮೇಲೆ ಕುಮಾರಧಾರೆಯಿಂದ ಎಷ್ಟು ಮರಳು ತೆಗೆಯಬಹುದು ಎಂದು ಲೆಕ್ಕ ಹಾಕುವಾಗ, ಉಚ್ಚಿಲದ ಮೀನುಗಾರರಿಗೆ ದೋಣಿ ಎಳೆದು ನಿಲ್ಲಿಸಲು ಬೇಕಾದ ಮರಳನ್ನೂ ಅದರಲ್ಲಿ ಸೇರಿಸಬೇಕು.